ಫಿಯೆಟ್ಟಿಗೆ ಪಥ್ಯ

ಹೊಸ ಕಾರಿಗೆ ವಿಮೆ ಮಾಡಿಸಲು ತಲೆ ಓಡಿಸಬೇಕಾಗಿಲ್ಲ. ಶೋರೂಮಿನ ಹುಡುಗ ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹೊರಟರೆ ಮುಗಿಯಿತು. ಐವತ್ತು ದಾಟಿದ ಕಾರಿನ ವಿಚಾರ ಹಾಗಲ್ಲ. ವಿಮೆಯವರು ಎರಡು ಪ್ರಶ್ನೆ ಮುಂದಿಡುತ್ತಾರೆ: ಇದರ ಬೆಲೆ ಎಷ್ಟು? ಇದನ್ನು ಏತಕ್ಕೆ ಓಡಿಸುತ್ತೀರಿ? ಮೊದಲನೆಯದಕ್ಕೆ ನಮ್ಮ ಮನೆಯಲ್ಲಿ ತಲೆಗೊಂದು ಉತ್ತರವಿದೆ. ಎರಡನೆಯದಕ್ಕೆ ಯಾರ ಹತ್ತಿರವೂ ಇಲ್ಲ.

ನಮ್ಮದು 1970ರ ಫಿಯೆಟ್ 1100. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲದ್ದಾದ್ದರಿಂದ ನಂಬರು ‘ಎಂವೈ’ ಎಂದು ಶುರುವಾಗುತ್ತದೆ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಕಟ್ಟಿದ್ದು. ಇದರ ತಂಗಿಯರೇ ಮುಂದೆ ಪದ್ಮಿನಿ ಎಂಬ ಹೆಸರಿಟ್ಟುಕೊಂಡು ಆ ಊರಿನ ತುಂಬ ಟ್ಯಾಕ್ಸಿಗಳಾಗಿ ಓಡಾಡಿದವು. ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ. ಸ್ಟಾರ್ಟ್ ಮಾಡಲು ಚೋಕ್ ಎಳೆದು, ಆಕ್ಸಿಲರೇಟರನ್ನು ಎರಡು ಸಲ ಒತ್ತಿ, ಮೂರನೆಯ ಸಲ ಒತ್ತುವ ಆಸೆಯನ್ನು ತಡೆದುಕೊಳ್ಳಬೇಕು. ಒತ್ತಿದರೆ ಕಾರ್ಬುರೇಟರ್ ಉಕ್ಕಿ, ಅದು ಆರುವವರೆಗೆ ಪೇಪರ್ ಓದಬಹುದು. ಬೇಸಿಗೆಯಲ್ಲಿ ಏರು ಹತ್ತಿದರೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಗಾಡಿ ನಿಲ್ಲುತ್ತದೆ. ಆಗ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕು. ಅದಕ್ಕೆಂದೇ ಅಪ್ಪನ ಹಳೇ ಪಂಚೆಯ ತುಂಡೊಂದು ಡ್ಯಾಶ್‌ಬೋರ್ಡಿನಲ್ಲಿ ಖಾಯಮ್ಮಾಗಿದೆ. ಪೊಲೀಸರು ದಾಖಲೆ ಕೇಳಿದರೆ ಆರ್‌ಸಿಗಿಂತ ಮೊದಲು ಕೈಗೆ ಬರುವುದು ಅದೇ.

ಮೊದಲು ಬೆಲೆಯ ವಿಚಾರ. ವಿಮೆಯವರು ಇದಕ್ಕೆ ಐಡಿವಿ ಎನ್ನುತ್ತಾರೆ. ಕಾರು ಕಳುವಾದರೆ ಅಥವಾ ಪೂರ್ತಿ ನಜ್ಜುಗುಜ್ಜಾದರೆ ಕಂಪನಿ ಕೊಡುವ ಮೊತ್ತ ಅದು. ಹೊಸ ಗಾಡಿಗಳಿಗೆ ಕೋಷ್ಟಕವಿದೆ: ಆರು ತಿಂಗಳೊಳಗೆ ಶೇ. 5 ಕಳೆ, ವರ್ಷದೊಳಗೆ 15, ಐದನೆಯ ವರ್ಷದ ಹೊತ್ತಿಗೆ 50. ಐದು ದಾಟಿದ ಮೇಲೆ ಕೋಷ್ಟಕ ಕೈಚೆಲ್ಲುತ್ತದೆ. ಕಂಪನಿಯೂ ಮಾಲೀಕರೂ ಪರಸ್ಪರ ಮಾತಾಡಿ ಬೆಲೆ ಒಪ್ಪಿಕೊಳ್ಳಬೇಕು. ಈ ಮಾತುಕತೆ ನಮ್ಮ ಹಜಾರದಲ್ಲಿ ನಡೆಯಿತು.

“ನಲವತ್ತು ಸಾವಿರ ಹಾಕಲಾ ಸಾರ್?” ಎಂದರು ಏಜೆಂಟರು, ಪೆನ್ನಿನ ಕ್ಯಾಪು ತೆಗೆದು.

“ನಲವತ್ತು ಸಾವಿರಾನಾ?” ಒರಗಿದ್ದ ಚಿಕ್ಕಪ್ಪ ಎದ್ದು ಕೂತರು. “ಅದರ ಡೋರು ಹಾಕಿದ ಸದ್ದು ಕೇಳಿದೀರೇನ್ರೀ? ಐದು ಲಕ್ಷ ಬರೀರಿ.”

“ಮಾರೋದೇ ಇಲ್ಲ ಅಂದ ಮೇಲೆ ಬೆಲೆ ಯಾಕಪ್ಪ?” ಅಡುಗೆಮನೆಯಿಂದ ಅಮ್ಮ.

ಏಜೆಂಟರು ವಾದಕ್ಕೆ ಇಳಿಯಲಿಲ್ಲ. ಐದು ಲಕ್ಷಕ್ಕೆ ಪ್ರೀಮಿಯಂ ಎಷ್ಟಾಗುತ್ತದೆಂದು ಮೊಬೈಲಿನಲ್ಲಿ ಲೆಕ್ಕ ಹಾಕಿ ಚಿಕ್ಕಪ್ಪನ ಮುಂದೆ ಹಿಡಿದರು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, “ಹಾಗೆ ನೋಡಿದರೆ ಅಡಿಯಲ್ಲಿ ಸ್ವಲ್ಪ ತುಕ್ಕಿದೆ ಕಣ್ರೀ” ಎಂದರು. ಕಾಫಿ ಮುಗಿಯುವಷ್ಟರಲ್ಲಿ ಬೆಲೆ ಎರಡು ಲಕ್ಷಕ್ಕಿಳಿಯಿತು. ಉಪ್ಪಿಟ್ಟು ಬರುವ ಹೊತ್ತಿಗೆ ಒಂದೂವರೆ. ಅಪ್ಪನ ಕಾರಿಗೆ ಬೆಲೆ ಕಟ್ಟೋಕಾಗಲ್ಲ ಎಂದು ಕಂಡ ಕಂಡ ಮದುವೆಮನೆಯಲ್ಲೆಲ್ಲ ಹೇಳಿಕೊಂಡು ಬಂದ ವಂಶ ನಮ್ಮದು. ಪ್ರೀಮಿಯಂ ಕಟ್ಟುವ ಮಾತು ಬಂದೊಡನೆ ಸಲೀಸಾಗಿ ಕಟ್ಟಿದೆವು.

ಹಾಗೆಂದು ನಲವತ್ತಕ್ಕೇ ಒಪ್ಪಿದ್ದರೆ ಇನ್ನೊಂದು ಅಪಾಯವಿತ್ತು. ರಿಪೇರಿಯ ಖರ್ಚು ಐಡಿವಿಯ ಶೇ. 75ನ್ನು ದಾಟಿದರೆ ಗಾಡಿ ‘ಟೋಟಲ್ ಲಾಸ್’. ನಲವತ್ತು ಸಾವಿರದ ಕಾರಿಗೆ ಆ ಗೆರೆ ಮೂವತ್ತು ಸಾವಿರಕ್ಕೇ ಬೀಳುತ್ತದೆ. ಹಿಂದಿನಿಂದ ಯಾರೋ ಬಂದು ಡಿಕ್ಕಿಗೆ ಗುದ್ದಿದರೆನ್ನಿ. ಅದರ ಬಾಗಿಲಿಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿಗಳನ್ನೆಲ್ಲ ಜಾಲಾಡಿ, ಟಿಂಕರಿಂಗು, ಪೇಂಟಿಂಗು ಮುಗಿಸುವಷ್ಟರಲ್ಲಿ ಮೂವತ್ತು ಸಾವಿರ ಹಿಂದೆ ಉಳಿದಿರುತ್ತದೆ. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಕಾರು ಕಾಗದದ ಮೇಲೆ ತೀರಿಕೊಂಡಿರುತ್ತದೆ. ಅದಕ್ಕೇ ಇಂಥ ಕಾರಿನವರು ‘ಅಗ್ರೀಡ್ ವ್ಯಾಲ್ಯೂ’ ಸಿಗುತ್ತದೆಯೇ ಎಂದು ಕೇಳುತ್ತಾರೆ. ಅಂದರೆ ಮೊದಲೇ ಒಪ್ಪಿದ ಮೊತ್ತ. ಕಾರು ಹೋದ ದಿನ ಸವಕಳಿಯೆಂದು ಅದರಲ್ಲಿ ಕಳೆಯುವಂತಿಲ್ಲ. ನಾನೂ ಕೇಳಿದೆ. ಅದು ವಿಂಟೇಜ್ ಕಾರಿಗೆ ಮಾತ್ರವಂತೆ. 2002ರ ಮೋಟಾರು ದರಪಟ್ಟಿಯಲ್ಲಿ ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದ ಕಾರು ಎಂದಿದೆಯಂತೆ. ಆ ಲೆಕ್ಕದಲ್ಲಿ ನಮ್ಮ ಫಿಯೆಟ್ ಇನ್ನೂ ಹುಡುಗು ಮುಂಡೇದು.

ಮುಂದೆ ಪಾಲಿಸಿಯ ಸಣ್ಣ ಅಕ್ಷರ. ನಾನು ಓದಿದೆ, ಹೆಂಡತಿ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು. ಸವೆತಕ್ಕೆ ಪರಿಹಾರವಿಲ್ಲ. ಯಂತ್ರ ಕೆಟ್ಟರೆ ಇಲ್ಲ. ವೈರಿಂಗ್ ಕೈಕೊಟ್ಟರೆ ಇಲ್ಲ. “ಅಂದರೆ ನಮ್ಮ ಕಾರಿಗೆ ಏನೇನು ಆಗುತ್ತೋ ಅದನ್ನೆಲ್ಲ ಬಿಟ್ಟು ಮಿಕ್ಕಿದ್ದಕ್ಕೆ ಕೊಡ್ತಾರೆ” ಎಂದಳು. ಇಷ್ಟು ಚೊಕ್ಕವಾಗಿ ಯಾವ ಏಜೆಂಟರೂ ವಿವರಿಸಿದ್ದಿಲ್ಲ. ಅಪಘಾತವಾಗಿ ಭಾಗ ಬದಲಾಯಿಸಿದರೆ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗೆ ಶೇ. 50 ಸವಕಳಿ, ಹತ್ತು ವರ್ಷ ಮೀರಿದ ಗಾಡಿಯ ಲೋಹಕ್ಕೂ ಅಷ್ಟೇ, ಗಾಜಿಗೆ ಮಾತ್ರ ಸೊನ್ನೆ. ಈ ಪ್ರಪಂಚದಲ್ಲಿ ವಯಸ್ಸಾಗದಿರುವುದು ಗಾಜಿಗೆ ಮಾತ್ರ ಎಂದು ವಿಮೆಯವರು ತೀರ್ಮಾನಿಸಿದ್ದಾರೆ.

ಸಣ್ಣ ಅಕ್ಷರದಲ್ಲೇ ಅತ್ಯಂತ ಸ್ವಾರಸ್ಯದ ಭಾಗವೆಂದರೆ ಬಳಕೆಯ ಮಿತಿಗಳು. ಕಾರನ್ನು ಏತಕ್ಕೆ ಬೇಕಾದರೂ ಬಳಸಬಹುದು, ಇವಿಷ್ಟನ್ನು ಬಿಟ್ಟು ಎಂದು ಪಟ್ಟಿ: ಬಾಡಿಗೆ ಅಥವಾ ಪ್ರತಿಫಲ, ಸರಕು ಸಾಗಣೆ, ರೇಸು, ಪೇಸ್ ಮೇಕಿಂಗ್, ವೇಗಪರೀಕ್ಷೆ, ರಿಲಯಬಿಲಿಟಿ ಟ್ರಯಲ್, ಮೋಟಾರು ವ್ಯಾಪಾರ. ಇದನ್ನು ಬರೆದವರು ನಮ್ಮ ನೆಂಟರನ್ನೆಲ್ಲ ಬಲ್ಲವರೇ ಇರಬೇಕು.

ಬಾಡಿಗೆಯನ್ನೇ ತೆಗೆದುಕೊಳ್ಳಿ. ಹಳೇ ಕಾರಿದ್ದವರ ಮನೆಗೆ ಮುಹೂರ್ತದ ತಿಂಗಳಲ್ಲಿ ಫೋನು ಹೆಚ್ಚು. ವರನನ್ನು ಕರೆತರಲು, ಪ್ರೀ-ವೆಡ್ಡಿಂಗ್ ಶೂಟಿಗೆ, “ಸುಮ್ನೆ ಹಿಂದೆ ನಿಂತಿದ್ದರೆ ಸಾಕು” ಎಂದು. ತಾಂಬೂಲದ ಜೊತೆ ಪಂಚೆ, ಶಲ್ಯ ಕೊಟ್ಟರೆ ಅದು ಪ್ರತಿಫಲವೇ? ಏಜೆಂಟರು ಯೋಚಿಸಿ ಹೇಳಿದರು: “ತಾಂಬೂಲ ತಗೊಳ್ಳಿ ಸಾರ್. ಪೆಟ್ರೋಲಿಗೆ ಅಂತ ಕವರು ಕೊಟ್ಟರೆ ಮಾತ್ರ ಮುಟ್ಟಬೇಡಿ.” ಸರಕಿನಲ್ಲಿ ಸ್ಯಾಂಪಲ್ಲಿಗೂ ಸ್ವಂತ ಲಗೇಜಿಗೂ ವಿನಾಯಿತಿಯಿದೆ. ತೋಟದಿಂದ ಡಿಕ್ಕಿ ತುಂಬ ತೆಂಗಿನಕಾಯಿ ತರುವ ಚಿಕ್ಕಪ್ಪ ತಮ್ಮದೆಲ್ಲ ಸ್ಯಾಂಪಲ್ಲೇ ಎಂದು ಆಗಲೇ ಸಮರ್ಥನೆ ಸಿದ್ಧಮಾಡಿಕೊಂಡರು. ರೇಸು, ವೇಗಪರೀಕ್ಷೆಗಳ ವಿಚಾರದಲ್ಲಿ ಕಾರು ತಾನಾಗಿಯೇ ಷರತ್ತು ಪಾಲಿಸುತ್ತ ಬಂದಿದೆ. ಪೇಸ್ ಮೇಕಿಂಗ್ ಎಂದರೆ ಮುಂದೆ ಹೋಗಿ ಹಿಂದಿನವರ ವೇಗ ನಿರ್ಧರಿಸುವುದು. ಕಿರಿದಾದ ಸೇತುವೆಯ ಮೇಲೆ ನಮ್ಮ ಹಿಂದೆ ಸಾಲುಗಟ್ಟಿ ಹಾರನ್ ಹೊಡೆಯುವವರೆಲ್ಲ ಅದಕ್ಕೆ ಸಾಕ್ಷಿ.

ನನಗೆ ನಿಜಕ್ಕೂ ಭಯವಾದದ್ದು ರಿಲಯಬಿಲಿಟಿ ಟ್ರಯಲ್ ಕಂಡು. ಗಾಡಿ ಕೆಡದೆ ದೂರದ ದಾರಿ ಮುಗಿಸುತ್ತದೆಯೇ ಎಂದು ನೋಡುವ ಸ್ಪರ್ಧೆ ಅದು. ನಾವು ಮೈಸೂರಿನಿಂದ ನಂಜನಗೂಡಿಗೆ ಹೊರಟರೆ ಮೆಕ್ಯಾನಿಕ್ಕಿಗೆ ಒಂದು ಫೋನು ಮಾಡಿಯೇ ಹೊರಡುವುದು. ಅವನು ಆವೊತ್ತು ಬೇರೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಇದು ಟ್ರಯಲ್ ಅಲ್ಲದೆ ಮತ್ತೇನು? “ಸಂಘಟಿತ ಸ್ಪರ್ಧೆಯಾದರೆ ಮಾತ್ರ ಸಾರ್” ಎಂದು ಏಜೆಂಟರು ಸಮಾಧಾನ ಹೇಳಿದರು. ನಮ್ಮ ಮನೆಯಲ್ಲಿ ಸಂಘಟಿತವಾದದ್ದು ಯಾವುದೂ ನಡೆಯುವುದಿಲ್ಲವಾದ್ದರಿಂದ ಬಚಾವಾದೆವು.

ಇಷ್ಟರಲ್ಲಿ ಚಿಕ್ಕಪ್ಪ ಹೊಸ ದಾರಿ ತೋರಿಸಿದರು: ಸರ್ಕಾರದಿಂದಲೇ ವಿಂಟೇಜ್ ಎನ್ನಿಸಿಕೊಂಡುಬಿಡೋಣ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿ ವಿಂಟೇಜ್. ಹೊಸದಾಗಿ ಹಾಗೆ ನೋಂದಾಯಿಸಲು 20,000 ರೂಪಾಯಿ, ಅವಧಿ ಹತ್ತು ವರ್ಷ. ವಿಂಟೇಜ್ ಆಗಿ ನೋಂದಣಿಯಾದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಮ್ಮಿನಲ್ಲಿ ಅರ್ಧಕ್ಕರ್ಧ ಮಾಫಿ ಎಂದು 2022ರ ನಿಯಮ ಹೇಳುತ್ತದೆ. ನಮ್ಮ 1089 ಸಿಸಿ ಎಂಜಿನ್ನಿಗೆ ಆ ಪ್ರೀಮಿಯಂ 3,416 ರೂಪಾಯಿ. ಚಿಕ್ಕಪ್ಪನ ಮುಖ ಅರಳಿತು.

ಜೊತೆಯಲ್ಲೇ ಪಥ್ಯವೂ ಇತ್ತು. ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ವ್ಯಾಪಾರಕ್ಕೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ: ಇಷ್ಟಕ್ಕೆ ಮಾತ್ರ ಹೋಗಿಬರಬಹುದು. ಬ್ರಿಟನ್, ಅಮೆರಿಕಗಳ ಕ್ಲಾಸಿಕ್ ಕಾರು ಪಾಲಿಸಿಗಳಲ್ಲೂ ಇದೇ ಜಾತಿಯ ಕಟ್ಟುಪಾಡು: ವರ್ಷಕ್ಕೆ ಇಂತಿಷ್ಟೇ ಮೈಲಿ, ರಾತ್ರಿ ಬೀಗ ಹಾಕಿದ ಗ್ಯಾರೇಜು, ದಿನದ ಓಡಾಟಕ್ಕೆ ಮನೆಯಲ್ಲಿ ಇನ್ನೊಂದು ಕಾರು. ಓಡಿದಷ್ಟಕ್ಕೆ ಕಟ್ಟುವ ಸವಲತ್ತಿಗೆ ನಮ್ಮಲ್ಲೂ 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿಗೆ ಕೊಟ್ಟಿದೆ. ಆದರೆ ನಮ್ಮ ಕಾರಿನ ಮೀಟರು ಅಪ್ಪನ ಕಾಲದಲ್ಲೇ ನಿಂತುಹೋಗಿದೆ. ಓಡಿದ ಲೆಕ್ಕ ನೋಡಿದರೆ ಕಂಪನಿಯೇ ನಮಗೆ ಬಾಕಿ ಕೊಡಬೇಕು.

“ಶನಿವಾರ ಆಂಜನೇಯನ ಗುಡಿಗೆ ಹೋಗಬಹುದೋ ಇಲ್ಲವೋ?” ಅಮ್ಮನ ಪ್ರಶ್ನೆ ಇಷ್ಟೇ. ಗುಡಿಗೆ ಹೋಗುವುದು ಪ್ರದರ್ಶನವಲ್ಲ, ಸಂಶೋಧನೆಯಂತೂ ಅಲ್ಲ. ಗುಡಿಯ ಪಕ್ಕದ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವ ನೆಪ ಮಾಡೋಣ ಎಂದರು ಚಿಕ್ಕಪ್ಪ. “ಆಂಜನೇಯನ ಹೆಸರಲ್ಲಿ ಸುಳ್ಳು ಬೇಡ” ಎಂದು ಅಮ್ಮ ಮಾತು ಮುಗಿಸಿದರು. ಹೆಂಡತಿ ಅವರೆಕಾಯಿ ಬಿಟ್ಟು ಲೆಕ್ಕಕ್ಕೆ ಕೂತಳು. ವರ್ಷಕ್ಕೆ 1,708 ಉಳಿದರೆ ಹತ್ತು ವರ್ಷಕ್ಕೆ 17,080. ಅದನ್ನು ಉಳಿಸಲು ಕಟ್ಟುವುದು 20,000. “ಇಪ್ಪತ್ತು ಸಾವಿರ ಕೊಟ್ಟು ಮನೇಲಿ ಕೂತಿರೋದಾ?” ಎಂದಳು.

ಅಲ್ಲಿಗೆ ನನ್ನ ಮನಸ್ಸೂ ಗಟ್ಟಿಯಾಯಿತು. ಬೀಗದೊಳಗೆ ಮಿರಮಿರ ಮಿಂಚುವ ಕಾರುಗಳಿಗೆ ಗೌರವ ಸಲ್ಲಬೇಕಾದ್ದೇ. ಧರ್ಮಸ್ಥಳದಲ್ಲಿ ಸಾಲಾಗಿ ನಿಂತ ಹಳೇ ಕಾರುಗಳ ಮುಂದೆ ನಾನೂ ಬಾಯಿ ಬಿಟ್ಟು ನಿಂತವನೇ. ಆದರೆ ಈ ಫಿಯೆಟ್ ಸಂಸಾರ ಹೊತ್ತ ಗಾಡಿ. ಹೆರಿಗೆಗೆ ಹೋಗಿದೆ, ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋಗಿದೆ, ಪಾಲಿಸಿಗೆ ಗೊತ್ತಾಗದಂತೆ ಅಕ್ಕಿ ಮೂಟೆ ತಂದಿದೆ. ಇಂಥದ್ದಕ್ಕೆ ಬಿರುದು ಕೊಟ್ಟು ಕೂರಿಸುವುದಕ್ಕಿಂತ ಕೆಲಸ ಹೇಳುವುದೇ ಮರ್ಯಾದೆ. ಸಾಮಾನ್ಯ ಕಾರಿನ ಪಾಲಿಸಿಯನ್ನೇ ಮಾಡಿಸಿದೆವು: ಒಂದೂವರೆ ಲಕ್ಷ, ಪೂರ್ತಿ ಪ್ರೀಮಿಯಂ, ಕಿಲೋಮೀಟರಿನ ಮಿತಿಯಿಲ್ಲ. ಐದು ವರ್ಷದಿಂದ ಕ್ಲೇಮ್ ಮಾಡದ್ದಕ್ಕೆ ಸ್ವಂತ ಹಾನಿಯ ಭಾಗದಲ್ಲಿ ಶೇ. 50 ನೋ ಕ್ಲೇಮ್ ಬೋನಸ್ಸೂ ಸಿಕ್ಕಿತು. ಅದರಲ್ಲಿ ನನ್ನ ಚಾಲನೆಗಿಂತ ಮೆಕ್ಯಾನಿಕ್ಕಿನ ಶೆಡ್ಡಿನ ಪಾಲೇ ದೊಡ್ಡದು.

ಕಾಗದ ಕೈಗೆ ಕೊಡುವಾಗ ಏಜೆಂಟರು ಗೇಟಿನ ಬಳಿ ದನಿ ತಗ್ಗಿಸಿ, “ಲಿಮಿಟ್ ಏನಿಲ್ಲ ಸಾರ್, ಆದರೂ ಜಾಸ್ತಿ ಹೊರಗೆ ತೆಗೀಬೇಡಿ” ಎಂದರು.

“ನೀವು ಹೇಳಲೇಬೇಕಾಗಿಲ್ಲ. ಆ ವಿಷಯದಲ್ಲಿ ಕಾರು ಮೊದಲಿಂದ ನಿಮ್ಮ ಕಂಪನಿ ಕಡೆಗೇ” ಎಂದೆ.