ಸೀಟು ಹಿಡಿಯುವ ಟವೆಲ್ ಬೇರೆ, ನಾನು ಬೇರೆ

ಲಾಸ್ ವೇಗಾಸ್‌ನಲ್ಲಿ ಶನಿವಾರ ರಾತ್ರಿ ನಡೆಯುವ ಬಾಕ್ಸಿಂಗ್ ನಮ್ಮಲ್ಲಿಗೆ ಭಾನುವಾರ ಬೆಳಿಗ್ಗೆ ಇಡ್ಲಿಯ ಹೊತ್ತಿಗೆ ಬರುತ್ತದೆ. ನಮ್ಮ ಮನೆಗೆ ಪಂದ್ಯ ನೋಡಲು ಬರುವ ಗೆಳೆಯರಿಬ್ಬರು ಎರಡನೇ ಇಡ್ಲಿ ಮುಗಿಯುವುದರೊಳಗೆ ಮೂರು ತೀರ್ಪು ಕೊಟ್ಟಿರುತ್ತಾರೆ. ಸೋತವನಿಗೆ ಗುಂಡಿಗೆ ಇಲ್ಲ. ಗೆದ್ದವನು ಮೋಸಗಾರ. ಇವನನ್ನು ಅವನ ಮೇಲೆ ಬಿಡಬೇಕು, ಆಗ ಗೊತ್ತಾಗುತ್ತೆ ಬಂಡವಾಳ. ತೀರ್ಪು ಕೊಟ್ಟವರಲ್ಲಿ ಒಬ್ಬರು ನಮ್ಮ ಮಹಡಿ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರು ಚಟ್ನಿ ಖಾರವಾದರೆ ಮೊದಲ ಸುತ್ತಿನಲ್ಲೇ ಕೈಚೆಲ್ಲುತ್ತಾರೆ.

ಕೇಳಿ ಕೇಳಿ ರೋಸಿಹೋಗಿ, ಈ ಗುಂಡಿಗೆಗಳನ್ನು ತೀರಾ ಹತ್ತಿರದಿಂದ ಕಂಡ ಒಬ್ಬರನ್ನೇ ಮಾತಿಗೆಳೆದೆ. ರಿಂಗಿನ ಮೂಲೆಯಲ್ಲಿರುವ ಬಿಳಿ ಟವೆಲ್, ನಮ್ಮ ಹುಡುಗನಿಗೆ ಇನ್ನು ಸಾಕು ಎಂದು ಸೋಲೊಪ್ಪಿ ಬಾಕ್ಸರನ ಕಡೆಯವರು ರಿಂಗಿಗೆ ಎಸೆಯುವುದು. ಎರಡೂ ಕಿವಿಗೆ ಕ್ಲಿಪ್ಪು ಹಾಕಿಸಿಕೊಂಡು ಹಗ್ಗದ ಮೇಲೆ ಒಣಗುತ್ತಿತ್ತು.

ನಾನು: ನಮಸ್ಕಾರ. ಮೊದಲೇ ಒಂದು ಅನುಮಾನ ಪರಿಹರಿಸಿಕೊಂಡುಬಿಡುತ್ತೇನೆ. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ತೂರಿಬಂದು ನನ್ನ ಸೀಟಿನ ಮೇಲೆ ಬಿದ್ದವರು ತಾವೇ ಅಲ್ಲ ತಾನೇ?

ಟವೆಲ್: ಅಲ್ಲ. ಅದು ನಮ್ಮ ದಾಯಾದಿ ಪೈಕಿ. ನಿಮ್ಮ ಕಡೆ ಟವೆಲ್ ಹಾಕಿದವನಿಗೆ ಸೀಟು ಸಿಗುತ್ತದೆ. ನಮ್ಮ ಕಡೆ ಟವೆಲ್ ಹಾಕಿದವನಿಗೆ ಇದ್ದ ಕೆಲಸವೂ ಹೋಗುತ್ತದೆ. ಬೇಕಾದರೆ ಮಾರ್ಕ್ ಬ್ರೀಲಂಡ್ ಅವರನ್ನು ಕೇಳಿ.

ನಾನು: ವೈಲ್ಡರ್ ಮತ್ತು ಫ್ಯೂರಿಯ ಎರಡನೇ ಪಂದ್ಯದ ವಿಷಯವೇ?

ಟವೆಲ್: 2020ರ ಫೆಬ್ರವರಿ 22, ಏಳನೇ ಸುತ್ತು. ಡಿಯೊಂಟೆ ವೈಲ್ಡರ್ ಕಿವಿಯಲ್ಲಿ ರಕ್ತ, ಕಾಲು ಹೇಳಿದ ಮಾತು ಕೇಳುತ್ತಿಲ್ಲ, ಟೈಸನ್ ಫ್ಯೂರಿ ಮೂಲೆಗೊತ್ತಿ ಬಡಿಯುತ್ತಿದ್ದಾನೆ. ಬ್ರೀಲಂಡ್ ಯಾರು? ವೈಲ್ಡರ್ ಮೂಲೆಯ ತರಬೇತುದಾರರು, 1984ರ ಒಲಿಂಪಿಕ್ಸ್ ಬಾಕ್ಸಿಂಗ್ ಚಿನ್ನ ಗೆದ್ದವರು. ಪೆಟ್ಟು ಎಂದರೆ ಏನು ಎಂದು ಪುಸ್ತಕ ಓದಿ ತಿಳಿದವರಲ್ಲ. ನನ್ನನ್ನು ಎಸೆದರು, ರೆಫರಿ ನಿಲ್ಲಿಸಿದರು. ಆಮೇಲೆ ವೈಲ್ಡರ್ ಸೋಲಿಗೆ ಕೊಟ್ಟ ಕಾರಣ ನೆನಪಿದೆಯಾ? ರಿಂಗಿಗೆ ಬರುವಾಗ ತೊಟ್ಟ ವೇಷ 40 ಪೌಂಡಿಗೂ ಹೆಚ್ಚು ತೂಗುತ್ತಿತ್ತಂತೆ, ಕಾಲಿನ ಕಸುವೆಲ್ಲ ಅದಕ್ಕೇ ಹೋಯಿತಂತೆ.

ನಾನು: ಕಿರೀಟ ಹೊತ್ತು ರಾತ್ರಿಯಿಡೀ ಕುಣಿಯುವ ನಮ್ಮ ಯಕ್ಷಗಾನದವರು ಕೇಳಿಸಿಕೊಂಡರೆ ಚೌಕಿಯಲ್ಲೇ ಬಿದ್ದು ನಗುತ್ತಾರೆ.

ಟವೆಲ್: ನಗಲಿ. ನನಗೆ ನಗು ಬರಲಿಲ್ಲ. 18 ಕಿಲೋ ವೇಷಕ್ಕೆ ಬರೀ ಬೈಗುಳ. ಕಾಲು ಕಿಲೋ ತೂಗದ ನನ್ನ ದೆಸೆಯಿಂದ ಬ್ರೀಲಂಡ್ ಮನೆಗೆ. ಸಾಲದ್ದಕ್ಕೆ ಕುಡಿಯುವ ನೀರಿಗೆ ಏನೋ ಬೆರೆಸಿದರು ಎಂಬ ಆರೋಪ ಬೇರೆ. ಅವರು ಅಲ್ಲಗಳೆದರು. ಕೇಳುವವರು ಯಾರು? ಆದರೂ ಅದನ್ನು ನುಂಗಿಕೊಂಡೆ. ನುಂಗಲಾರದ್ದು ಯಾಂಕಿ ಸ್ಟೇಡಿಯಮ್ಮಿನದು.

ನಾನು: ಅದಕ್ಕೆ ಮೊದಲು, ಕಿಟಕಿಯಿಂದ ಎಸೆಯುವುದು ನ್ಯಾಯವೇ, ಬಾಗಿಲಲ್ಲಿ ಸಾಲಿನಲ್ಲಿ ನಿಂತವನ ಗತಿ...

ಟವೆಲ್: 2010ರ ಜೂನ್ 5. ಮಿಗುಯೆಲ್ ಕೊಟ್ಟೊ ಎದುರು ಯೂರಿ ಫೋರ್ಮನ್. ಯಹೂದಿ ಧರ್ಮಗುರುವಾಗಲು ಓದುತ್ತಿದ್ದ ಹುಡುಗ. ಯಾರೂ ಹೊಡೆಯದೆಯೇ ಮಂಡಿ ಕೈಕೊಟ್ಟು ಬೀಳುತ್ತಿದ್ದ. ಎಂಟನೇ ಸುತ್ತಿನಲ್ಲಿ ನಾನು ಹಾರಿ ಬಿದ್ದೆ. ಎರಡೂ ಕಡೆಯವರು ರಿಂಗಿಗೆ ನುಗ್ಗಿ, ಮುಗಿಯಿತೆಂದು ತಬ್ಬಿಕೊಂಡೂ ಆಯಿತು. ರೆಫರಿ ಆರ್ಥರ್ ಮರ್ಕಾಂಟೆ ಜೂನಿಯರ್ ಎಲ್ಲರನ್ನೂ ಹೊರಗಟ್ಟಿ, ನನ್ನನ್ನೂ ಆಚೆ ಹಾಕಿ, ಆಟ ಶುರು ಎಂದರು! ಒಂಬತ್ತನೇ ಸುತ್ತಿನಲ್ಲಿ ಅವರೇ ನಿಲ್ಲಿಸಬೇಕಾಯಿತು. ಆವತ್ತು ನನಗೆ ನನ್ನ ಯೋಗ್ಯತೆ ಗೊತ್ತಾಯಿತು. ನಾನು ಆದೇಶವಲ್ಲ, ಬರೀ ಅರ್ಜಿ. ನಮ್ಮಜ್ಜ ಸ್ಪಂಜು. ಹಿಂದಿನ ಕಾಲದಲ್ಲಿ ಸೋಲೊಪ್ಪುವವರು ಅವನನ್ನೇ ಎಸೆಯುತ್ತಿದ್ದರು. ಅವನಿಗಾದರೂ ಒಂದು ಮರ್ಯಾದೆ ಇತ್ತು.

ನಾನು: ಅಂದರೆ ಸೀಟಿನ ಮೇಲೆ ಬಿದ್ದ ಟವೆಲನ್ನು ಕಂಡಕ್ಟರ್ ಎತ್ತಿ ಆಚೆ ಹಾಕಬಹುದು ಎಂದಾಯಿತು! ರೆಫರಿಗಿರುವ ಅಧಿಕಾರ ಕಂಡಕ್ಟರಿಗೆ ಯಾಕಿಲ್ಲ?

ಟವೆಲ್: ಸ್ವಾಮಿ, ನೀವು ಆ ಬಸ್ಸಿನಿಂದ ಇಳಿಯುತ್ತೀರಾ?

ನಾನು: ಹತ್ತಿದ್ದರೆ ತಾನೇ ಇಳಿಯುವುದು! ಇರಲಿ. ಮೋಸದಾಟದ ಬಗ್ಗೆ ನಮ್ಮ ಗೆಳೆಯರದು ಮುಗಿಯದ ಜಗಳ. 2023ರಲ್ಲಿ ಪೋಲೆಂಡಿನಲ್ಲಿ ಡುಬೋಯ್ ಹೊಡೆದ ಪೆಟ್ಟಿಗೆ ಉಸಿಕ್ ನೆಲಕ್ಕೆ ಬಿದ್ದನಲ್ಲ, ಅದು ಸೊಂಟದ ಪಟ್ಟಿಯ ಕೆಳಗೋ ಮೇಲೋ?

ಟವೆಲ್: ಅದನ್ನು ಚಡ್ಡಿಯನ್ನು ಕೇಳಿ.

ನಾನು: 1997ರಲ್ಲಿ ಮೈಕ್ ಟೈಸನ್ ಕಚ್ಚಿದ ಹೋಲಿಫೀಲ್ಡ್ ಕಿವಿ?

ಟವೆಲ್: ಅದು ಆಹಾರ ಇಲಾಖೆಯ ವಿಷಯ.

ನಾನು: ಮುಂದೆ ಯಾರ ಮೇಲೆ ಯಾರನ್ನು ಬಿಡಬೇಕು?

ಟವೆಲ್: ಮೇವೆದರ್ ಮತ್ತು ಪ್ಯಾಕಿಯಾವ್ ಜಾತಕ ಕೂಡಿಸುವುದಕ್ಕೇ ಐದು ವರ್ಷ ಹಿಡಿಯಿತು. 2015ರ ಮೇ 2ರಂದು ಧಾರೆಗೆ ನಿಂತಾಗ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಲೆನಾಕ್ಸ್ ಲೂಯಿಸ್ ಜೊತೆ ಆಡು ಎಂದರೆ ರಿಡಿಕ್ ಬೋವ್ 1992ರಲ್ಲಿ ಚಾಂಪಿಯನ್ ಬೆಲ್ಟನ್ನೇ ಕಸದ ಬುಟ್ಟಿಗೆ ಹಾಕಿದ. ವೃತ್ತಿಪರ ರಿಂಗಿನಲ್ಲಿ ಅವರಿಬ್ಬರೂ ಎದುರಾಗಲೇ ಇಲ್ಲ.

ನಾನು: ನೋಡಿ, ನಾನು ಹೇಳುತ್ತಿದ್ದುದು ಇದನ್ನೇ! ತಾನೂ ಕೂರುವುದಿಲ್ಲ, ಕೂರುವವನನ್ನೂ ಬಿಡುವುದಿಲ್ಲ. ಟವೆಲ್ ಹಾಕಿ ಸಿಗರೇಟು ಸೇದಲು ಹೋದವನು ಬಸ್ಸು ಹೊರಟ ಮೇಲೆ ಓಡಿಬಂದು ಹತ್ತುತ್ತಾನೆ. ಮುಖ್ಯಮಂತ್ರಿ ಕುರ್ಚಿಗೆ ಟವೆಲ್ ಹಾಕಿದವರದೂ ಇದೇ ಕಥೆ. ಇಡೀ ನಾಡು ನಿಂತೇ ಪ್ರಯಾಣ ಮಾಡುತ್ತಿದೆ. ಇದಕ್ಕೆಲ್ಲ ಮೂಲ...

ಟವೆಲ್: ಗುಂಡಿಗೆಯ ಬಗ್ಗೆ ಕೇಳಲು ಬಂದಿದ್ದಿರಿ.

ನಾನು: ಹೌದು, ಮರೆತೆ. ಗುಂಡಿಗೆ ಇಲ್ಲದ ಬಾಕ್ಸರ್ ಯಾರು?

ಟವೆಲ್: 2020ರ ನವೆಂಬರಿನಲ್ಲಿ ಜೋ ಜಾಯ್ಸ್ ಎದುರು ಡೇನಿಯಲ್ ಡುಬೋಯ್ ಒಂದು ಮಂಡಿಯೂರಿ, ರೆಫರಿ ಹತ್ತು ಎಣಿಸಿ ಮುಗಿಸುವವರೆಗೂ ಏಳಲಿಲ್ಲ. ಹೇಡಿ ಎಂದರು. ಮಾಜಿ ಬಾಕ್ಸರುಗಳೇ ಅಂದರು. ಆಸ್ಪತ್ರೆಗೆ ಹೋದಾಗ ಗೊತ್ತಾಯಿತು, ಕಣ್ಣಿನ ಗೂಡಿನ ಮೂಳೆ ಮುರಿದಿತ್ತು. ಆ ಕಣ್ಣು ಉಳಿಸಿಕೊಂಡವನು 2024ರ ಸೆಪ್ಟೆಂಬರಿನಲ್ಲಿ ವೆಂಬ್ಲಿಯಲ್ಲಿ ಆಂಥೊನಿ ಜೋಶುವಾನನ್ನು ಐದನೇ ಸುತ್ತಿನಲ್ಲಿ ಮಲಗಿಸಿದ. ಗುಂಡಿಗೆ ಎಂದರೆ ಅವನದು ಎಂದರು. ಅಂದವರು ಬೇರೆಯವರಲ್ಲ.

ನಾನು: ನಮ್ಮ ಗೆಳೆಯರೂ ಹಾಗೆಯೇ. ಬಸ್ಸಿನಲ್ಲೂ ಅಷ್ಟೇ...

ಟವೆಲ್: ಬಸ್ಸು ಬೇಡ. ಈಗ ಹೇಳುವುದನ್ನು ಕೇಳಿ, ತಮಾಷೆ ಮಾಡಬೇಡಿ.

1995ರ ಫೆಬ್ರವರಿ 25, ಲಂಡನ್. ಜೆರಾಲ್ಡ್ ಮೆಕ್‌ಲೆಲನ್ ಮೊದಲ ಸುತ್ತಿನಲ್ಲೇ ನೈಜೆಲ್ ಬೆನ್‌ನನ್ನು ಹಗ್ಗದಾಚೆಗೆ ಹೊಡೆದು ಕೆಡವಿದ. ಹತ್ತನೇ ಸುತ್ತಿಗೆ ಬರುವಷ್ಟರಲ್ಲಿ ಕಣ್ಣು ಮಿಟುಕಿಸುತ್ತಲೇ ಇದ್ದ. ಮಂಡಿಯೂರಿದ, ಎದ್ದ, ಮತ್ತೆ ಮಂಡಿಯೂರಿದ. ರೆಫರಿ ಹತ್ತು ಎಣಿಸಿದರು. ಬಿಟ್ಟುಕೊಟ್ಟ ಎಂದರು ನೋಡುತ್ತಿದ್ದವರು. ತನ್ನ ಕಾಲ ಮೇಲೆ ತಾನೇ ನಡೆದು ಮೂಲೆಗೆ ಬಂದ, ಕುಸಿದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಮೇಲೆ ಕಣ್ಣು ಹೋಯಿತು, ಕಿವಿ ಬಹುಪಾಲು ಹೋಯಿತು. ನೋಡಿಕೊಂಡವರು ಅಕ್ಕತಂಗಿಯರು. ಗುಂಡಿಗೆ ಇಲ್ಲ ಎಂದವರು ಯಾರೂ ಹೋಗಿ ಅವನಿಗೆ ಒಂದು ತುತ್ತು ಉಣ್ಣಿಸಲಿಲ್ಲ.

2015ರ ಅಕ್ಟೋಬರ್ 17, ವರ್ಜೀನಿಯಾದ ಫೇರ್‌ಫ್ಯಾಕ್ಸ್. ಪ್ರಿಚರ್ಡ್ ಕೊಲೋನ್, 23 ವರ್ಷ. ತಲೆಯ ಹಿಂಬದಿಗೆ ಪೆಟ್ಟು ಬೀಳುತ್ತಲೇ ಇತ್ತು. ಅದಕ್ಕೆ ಮೊಲದ ಪೆಟ್ಟು ಎಂದು ಹೆಸರು. ಬೇಟೆಗಾರರು ಮೊಲವನ್ನು ಹಾಗೆ ಕೊಲ್ಲುತ್ತಿದ್ದರು, ಅದಕ್ಕೆ. ತಲೆ ಸುತ್ತುತ್ತಿದೆ ಎಂದು ಹುಡುಗ ರಿಂಗಿನ ವೈದ್ಯರಿಗೆ ಬಾಯಿಬಿಟ್ಟು ಹೇಳಿದ. ಆಡಬಲ್ಲ ಎಂದು ಬಿಟ್ಟರು. ಒಂಬತ್ತನೇ ಸುತ್ತು ಮುಗಿದಾಗ ಪಂದ್ಯವೇ ಮುಗಿಯಿತೆಂದು ಮೂಲೆಯವರು ಕೈಗವಸು ಬಿಚ್ಚಿಬಿಟ್ಟರು, ಅದಕ್ಕೆ ಅವನನ್ನು ಅನರ್ಹ ಎಂದರು. ಆ ರಾತ್ರಿಯೇ ಮಿದುಳಿನ ರಕ್ತಸ್ರಾವ. 221 ದಿನ ಕೋಮಾ. ನಾನು ಅಲ್ಲೇ ಇದ್ದೆ. ಬೆವರು ಒರೆಸಿದರು, ಗಾಳಿ ಬೀಸಿದರು. ಯಾರೂ ಎಸೆಯಲಿಲ್ಲ. ಕಾಲು ಕಿಲೋ ಬಟ್ಟೆ. ಎತ್ತಿ ಎಸೆಯಲು ಎಷ್ಟು ಶಕ್ತಿ ಬೇಕು?

(ನಾನು ಸುಮ್ಮನಿದ್ದೆ. ಬಸ್ಸು ನೆನಪಾಗಲಿಲ್ಲ.)

ನಾನು: ಹಾಗಾದರೆ ಗುಂಡಿಗೆ ಯಾರದ್ದು?

ಟವೆಲ್: ಹೊಡೆಸಿಕೊಳ್ಳುವವನಿಗೆ ಅದು ಇದ್ದೇ ಇರುತ್ತದೆ. ಇಲ್ಲದಿದ್ದರೆ ಅವನು ಆ ಮೂರು ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಸಾವಿರಾರು ಜನ ಇನ್ನೂ ಹೊಡಿ ಎಂದು ಕೂಗುವಾಗ, ತನ್ನ ಹುಡುಗನೇ ಬೇಡ ಎನ್ನುವಾಗ, ನಾಳೆ ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಸಾಕು ಎನ್ನುವವನಿಗೆ ಅದು ಬೇಕು. ಎಡ್ಡಿ ಫುಚ್‌ಗೆ ಇತ್ತು.

ನಾನು: ಮನಿಲಾ.

ಟವೆಲ್: ಹೌದು. ಅಲ್ಲಿ ನಾನು ಬೇಕಾಗಲೂ ಇಲ್ಲ. 1975ರ ಅಕ್ಟೋಬರ್ 1. ಮಹಮ್ಮದ್ ಅಲಿ ಎದುರು 14 ಸುತ್ತು ಆಗಿತ್ತು, ಒಂದೇ ಒಂದು ಬಾಕಿ. ಜೋ ಫ್ರೇಜಿಯರ್ ಕಣ್ಣು ಮುಚ್ಚಿಹೋಗಿತ್ತು. ಆಡುತ್ತೇನೆ ಎಂದು ಹಟ ಹಿಡಿದ. ಅವನ ತರಬೇತುದಾರ ಫುಚ್ ಬಿಡಲಿಲ್ಲ.

ಇಷ್ಟು ಹೇಳಿ ಟವೆಲ್ ಮುಖ ತಿರುಗಿಸಿತು. ಕ್ಲಿಪ್ಪು ತೆಗೆದು, ಮಡಚಿ ಒಳಗಿಟ್ಟೆ. ಮುಂದಿನ ಭಾನುವಾರ ಇಡ್ಲಿಯ ಹೊತ್ತಿಗೆ ಗೆಳೆಯರಿಗೆ ಹೇಳಬೇಕೆಂದು ಒಂದು ಲೆಕ್ಕ ಬರೆದಿಟ್ಟುಕೊಂಡಿದ್ದೇನೆ: ಆಡದೆ ಬಿಟ್ಟ ಆ ಒಂದು ಸುತ್ತು ಮೂರು ನಿಮಿಷದ್ದು. ಅದಾದ ಮೇಲೆ ಜೋ ಫ್ರೇಜಿಯರ್ 36 ವರ್ಷ ಬದುಕಿದ್ದರು.