ಮಗುವಿಗೆ ಅಕ್ಷರ ಅಳವಡಿಸುವ ಕೈಪಿಡಿ

ಮೊದಲು ಸಾಮಾನು ಎಣಿಸಿಕೊಳ್ಳಿ: ಸ್ಲೇಟು ಒಂದು, ಬಳಪ ನಾಲ್ಕು (ಮೂರನ್ನು ಮಗು ತಿನ್ನುತ್ತದೆ), ವರ್ಣಮಾಲೆಯ 49 ಅಕ್ಷರ, ಕೈ ಎತ್ತುವುದಿಲ್ಲವೆಂದು ಆಣೆ ಮಾಡಿದ ಅಪ್ಪ ಅಥವಾ ಅಮ್ಮ. ಕೊನೆಯದು ಬೇಗ ಬಿಸಿಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಆರಲು ಬಿಡಿ.

ಚಿತ್ರವಿರುವ ಚಾರ್ಟನ್ನು ಗೋಡೆಗೆ ಅಂಟಿಸಿ. ‘ಅ’ ತೋರಿಸಿದರೆ ಮಗು “ರಾಜ” ಎನ್ನುತ್ತದೆ. ‘ಋ’ ತೋರಿಸಿದರೆ “ತಾತ”. ಗಾಬರಿ ಬೇಡ, ಏನೂ ಕೆಟ್ಟಿಲ್ಲ. ಮಗು ಚಿತ್ರ ಓದುತ್ತಿದೆ. ಅಂಗೈಯಿಂದ ಚಿತ್ರ ಮುಚ್ಚಿ, ಸದ್ದನ್ನಷ್ಟೇ ಕೇಳಿ. ‘ಙ’ದಿಂದ ಯಾವ ಪದ ಶುರುವಾಗುತ್ತದೆ ಎಂದು ಅದೇ ನಿಮ್ಮನ್ನು ಕೇಳಿದರೆ, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವರಂತೆ ಎದ್ದುಹೋಗಿ.

ಅ, ಆ, ಇ, ಈ ಎಂದೇ ಹೊರಡಬೇಕೆಂಬ ಹಟವೂ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ಮೊದಲ ಅಕ್ಷರಗಳು ರ, ಗ, ಸ, ದ, ಅ. ಇಷ್ಟರಲ್ಲೇ ಸರ, ದರ, ಅಗಸ, ಅರಸ ಎಲ್ಲ ಹುಟ್ಟಿಕೊಳ್ಳುತ್ತವೆ. ಮೊದಲ ವಾರವೇ ಮಗುವಿನ ಕೈಗೆ ಗರಗಸ ಬರುವ ಈ ಕ್ರಮ ನನಗಂತೂ ಇಷ್ಟ.

ಮುಂದೆ ಕಾಗುಣಿತ. ಕಕ್ಕೆ ಕೊಂಬು ಕು ಎಂದಿರೋ, “ಕೊಂಬು ತಲೆ ಮೇಲಲ್ವಾ ಇರೋದು? ಪಕ್ಕದಲ್ಲಿ ಯಾಕಮ್ಮಾ?” ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹುಡುಕುವಷ್ಟರಲ್ಲಿ ‘ವು’ ಬಂದು ಕೊಂಬು ಕೆಳಗೇ ಇಳಿದಿರುತ್ತದೆ. ಇದಕ್ಕಾದರೂ ಸಮಾಧಾನ ಹೇಳಬಹುದು: ‘ವ’ಕ್ಕೆ ಪಕ್ಕದಲ್ಲಿ ಕೊಂಬು ಹಚ್ಚಿ ನೋಡಿ, ಅದು ‘ಮ’ ಆಗಿ ಕೂತಿರುತ್ತದೆ. ಸ್ಲೇಟಿನ ಮೇಲೆ ಬರೆದೇ ತೋರಿಸಿ. ಇಷ್ಟು ವರ್ಷ ಗಮನಿಸಿರಲಿಲ್ಲವೆಂದು ಮಾತ್ರ ಬಾಯಿಬಿಡಬೇಡಿ.

ಒತ್ತಕ್ಷರಕ್ಕೆ ಪುಸ್ತಕ ಕೊಳ್ಳಬೇಕಿಲ್ಲ. ಅಕ್ಕಿ, ಬೆಲ್ಲ, ತುಪ್ಪ, ಬೆಣ್ಣೆ: ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸಿದರೆ ಪಾಠ ಮುಗಿಯಿತು, ಬೆಲ್ಲವೂ ಮುಗಿಯಿತು. ಕಷ್ಟ ಇರುವುದು ಅರ್ಕಾವತ್ತಿನಲ್ಲಿ. ‘ಸೂರ್ಯ’ ಎಂದು ಬರೆದುಕೊಟ್ಟರೆ ಮಗು “ಸೂಯ್ರ” ಎಂದು ಓದುತ್ತದೆ. ಗದರಬೇಡಿ. ಬಾಯಲ್ಲಿ ಮೊದಲು ಬರುವ ರಕಾರವನ್ನು ಬರೆಯುವಾಗ ಹಿಂದಕ್ಕೆ ತಳ್ಳಿದವರು ನಾವು. ಅದು ಪಾಪ ಕಂಡದ್ದನ್ನು ಕಂಡ ಹಾಗೆ ಓದಿದೆ.

ಅಳವಡಿಕೆ ಸರಿಯಾಯಿತೇ ಎಂದು ತಿಳಿಯಲು ಮಗುವನ್ನು ತುಂಬಿದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ. ಸಿಗ್ನಲಿನಲ್ಲಿ ಬಸ್ಸು ನಿಂತಾಗ ಅದು ಕಾಂಪೌಂಡಿನ ಗೋಡೆ ನೋಡಿ, ಇಡೀ ಬಸ್ಸಿಗೆ ಕೇಳುವಂತೆ, “ಇ-ಲ್ಲಿ ಮೂ-ತ್ರ ವಿ-ಸ...” ಎಂದು ತೊಡಗುತ್ತದೆ. ಬಾಯಿ ಮುಚ್ಚಿಸಬೇಡಿ. ಅರ್ಕಾವತ್ತು ಅಲ್ಲೇ ಬರುವುದು.