ಕಿರ-ಕಿರ ಮೀಮಾಂಸೆ

ಸ್ಥಳೀಯ ಸಂಸ್ಥೆಗಳ ಏಕರೂಪ ಲೆಕ್ಕಶಾಸ್ತ್ರದ ಮೂಲಸ್ಥಾನ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಎಂಬುದು ಈ ಪ್ರಬಂಧಕಾರನ ಅಚಲ ನಿಲುವು. ಪ್ರಮಾಣ ಹೆಸರಿನಲ್ಲೇ ಇದೆ. 1881ರಲ್ಲಿ ಊರು ಬೆಂಕಿಗೂ ನೆರೆಗೂ ಸಿಕ್ಕಿತು. ಆಮೇಲೆ ರೆಸಿಡೆಂಟ್ ಆಗಿ ಬಂದ ಫ್ರಾಂಕ್ ಸ್ವೆಟೆನ್‌ಹ್ಯಾಮ್ ಸೋಗೆಮನೆ ಸಾಕು, ಇಟ್ಟಿಗೆ-ಹೆಂಚಿನದೇ ಕಟ್ಟಿ ಎಂದ. ಆ ಇಟ್ಟಿಗೆ ಸುಟ್ಟ ಜಾಗ ಇದು. ಸೋಗೆಯನ್ನು ಯಾರೂ ಎಣಿಸುವುದಿಲ್ಲ, ಇಟ್ಟಿಗೆಯನ್ನು ಎಣಿಸಲೇಬೇಕು. ಎಣಿಸುವ ವಸ್ತು ಹುಟ್ಟಿದ ದಿನ ಅಳತೆ ಪುಸ್ತಕ ಹುಟ್ಟಿತು. ಮರುದಿನ ಅದಕ್ಕೆ ಸಹಿ ಹಾಕಲು ಇಂಜಿನಿಯರು ಹುಟ್ಟಿದ.

ಪೂರ್ವಪಕ್ಷದವರು ಇದನ್ನು ಒಪ್ಪುವುದಿಲ್ಲ. ಸರ್ಕಾರಿ ದುಡ್ಡು ತಿನ್ನಲು 40 ದಾರಿಗಳಿವೆಯೆಂದು ಕೌಟಿಲ್ಯನೇ ಪಟ್ಟಿ ಕೊಟ್ಟಿಲ್ಲವೇ ಎನ್ನುತ್ತಾರೆ. ನಮ್ಮ ಶಾನುಭೋಗರ ಕಡತವನ್ನೂ ತಂದು ಮುಂದಿಡುತ್ತಾರೆ: ಹುಣಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಳಿದ ಕಪ್ಪು ಬಟ್ಟೆ, ಮೇಲೆ ಬಳಪದ ಬರಹ. ಒದ್ದೆ ಕೈಯಲ್ಲಿ ಒರೆಸಿದರೆ ಜಮೀನೂ ಹೋಯಿತು, ಕಂದಾಯವೂ ಹೋಯಿತು. ನಿಜ, ಈ ಸೌಲಭ್ಯವನ್ನು ಯಾವ ತಂತ್ರಾಂಶವೂ ಇಷ್ಟು ಅಗ್ಗದಲ್ಲಿ ಕೊಟ್ಟಿಲ್ಲ. ಆದರೂ ಪೂರ್ವಪಕ್ಷ ಬಿದ್ದುಹೋಗುತ್ತದೆ, ಏಕೆಂದರೆ ಅವರು ಬ್ರಿಕ್‌ಫೀಲ್ಡ್ಸ್‌ನಲ್ಲಿ ಚಹಾ ಕುಡಿದಿಲ್ಲ.

ಇಲ್ಲಿನ ಚಹಾದ ಹೆಸರು ತೆ ತಾರಿಕ್, ಅಂದರೆ ಎಳೆದ ಚಹಾ. ಅಂಗಡಿಯವನು ಒಂದು ಮಗ್ಗನ್ನು ತಲೆಯ ಮೇಲೆತ್ತಿ, ಸೊಂಟದ ಹತ್ತಿರ ಹಿಡಿದ ಇನ್ನೊಂದಕ್ಕೆ ಸುರಿಯುತ್ತಾನೆ. ಮತ್ತೆ ಅದರಿಂದ ಇದಕ್ಕೆ. ಒಂದರಲ್ಲಿ ಖರ್ಚು, ಇನ್ನೊಂದರಲ್ಲಿ ಜಮಾ. ಎಷ್ಟು ಎಳೆದರೂ ಚಹಾ ಹೆಚ್ಚುವುದಿಲ್ಲ, ನೊರೆ ಮಾತ್ರ ಹೆಚ್ಚುತ್ತದೆ. ಮಾರ್ಚ್ 31ರ ರಾತ್ರಿ ಕುಡಿಯುವ ನೀರಿನ ಲೆಕ್ಕಶೀರ್ಷಿಕೆಯಿಂದ ರಸ್ತೆಗೆ, ರಸ್ತೆಯಿಂದ ಬೀದಿದೀಪಕ್ಕೆ ಅನುದಾನ ಹರಿಯುವುದನ್ನು ಕಂಡವರಿಗೆ ವ್ಯಾಖ್ಯಾನ ಬೇಕಿಲ್ಲ. ಲುಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಜೋಡಿ ನಮೂದಿನ ಪದ್ಧತಿಯನ್ನು ಅಚ್ಚು ಹಾಕಿಸಿದಾಗ ಅಲ್ಲಿಗಿನ್ನೂ ಚಹಾ ಬಂದಿರಲಿಲ್ಲ. ಹಾಗಾಗಿ ನೊರೆಯ ಅಧ್ಯಾಯ ಬಿಟ್ಟುಹೋಗಿದೆ.

ಭಾಷಾಶಾಸ್ತ್ರವೂ ನಮ್ಮ ಪರವಾಗಿದೆ. ಮಲಯ್ ಭಾಷೆಯಲ್ಲಿ ‘ಕಿರ’ ಎಂದರೆ ಲೆಕ್ಕ ಹಾಕು. ಹೋಟೆಲಿನಲ್ಲಿ ಬಿಲ್ಲು ಕೇಳುವುದೂ ಹಾಗೆಯೇ. ಅದನ್ನೇ ಎರಡು ಸಲ ಹೇಳಿ ‘ಕಿರ-ಕಿರ’ ಎಂದರೆ ಸುಮಾರಾಗಿ, ಅಂದಾಜಿಗೆ. ಒಂದು ಸಲ ಬರೆದರೆ ಲೆಕ್ಕ, ಎರಡು ಸಲ ಬರೆದರೆ ಅಂದಾಜು! ಕನ್ನಡದಲ್ಲಿ ಅದು ಕಿರಿಕಿರಿ ಆದದ್ದು ಆಡಿಟ್ ಪಾರ್ಟಿ ಊರಿಗೆ ಬಂದ ಮೇಲೆಯೇ ಇರಬೇಕು.

ಏಕರೂಪತೆಯಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. 2004ರಲ್ಲಿ ರಾಷ್ಟ್ರೀಯ ಪೌರ ಲೆಕ್ಕ ಕೈಪಿಡಿ ಬಂತು, 2006ರಲ್ಲಿ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದವು. ಕೈಗೆ ಬಾರದ ಮನೆಕಂದಾಯವೂ ಅಂದಿನಿಂದ ಆದಾಯವೇ. ರಸ್ತೆ ಆಸ್ತಿಯಾಯಿತು, ಅದರ ಗುಂಡಿಗೆ ‘ಸವಕಳಿ’ ಎಂಬ ಗೌರವದ ಹೆಸರು ಸಿಕ್ಕಿತು. ಪುಕ್ಕಟೆ ಬಂದ ಆಸ್ತಿಯನ್ನು 1 ರೂಪಾಯಿ ಎಂದು ಬರೆಯಬೇಕು. ಭಾರತ ಬ್ರಿಕ್‌ಫೀಲ್ಡ್ಸ್‌ಗೆ ಉಡುಗೊರೆ ಕೊಟ್ಟ, 2015ರಲ್ಲಿ ಉದ್ಘಾಟನೆಯಾದ ಭಾರಿ ತೋರಣದ್ವಾರ ನಮ್ಮ ಪುರಸಭೆಯ ಪುಸ್ತಕದಲ್ಲಿದ್ದಿದ್ದರೆ ಅರ್ಧ ಇಡ್ಲಿಗೂ ಸಾಲದ ಬೆಲೆ.

ಉಳಿದದ್ದು ಮೇಲ್ವಿಚಾರಣೆ. ಕೌಲಾಲಂಪುರದ ಮೇಯರನ್ನು ಸರ್ಕಾರವೇ ನೇಮಿಸುತ್ತದೆ. ಮಲೇಷ್ಯಾದಲ್ಲಿ ಸ್ಥಳೀಯ ಚುನಾವಣೆಗಳು 1965ರಲ್ಲೇ ನಿಂತವು. ಮತ ಹಾಕಿ ಲೆಕ್ಕ ಕೇಳುವಂತಿಲ್ಲದ ಮೇಲೆ ಆಡಿಟರ್ ಜನರಲ್ ಒಬ್ಬರೇ ಗತಿ. 1ಎಂಡಿಬಿ ಎಂಬ ಸರ್ಕಾರಿ ಹೂಡಿಕೆ ಸಂಸ್ಥೆಯ ಹಗರಣದ ಬಗೆಗಿನ ಅವರ ವರದಿಯನ್ನು 2016ರಲ್ಲಿ ಸರ್ಕಾರಿ ರಹಸ್ಯವೆಂದು ಸಾರಿ ಬಚ್ಚಿಟ್ಟರು, ಸರ್ಕಾರ ಬದಲಾದ ಮೇಲೆ 2018ರಲ್ಲಿ ಬಿಚ್ಚಿದರು. ಪ್ರಬಂಧಕಾರನಿಗೆ ಇದರಿಂದ ಹೊಟ್ಟೆಕಿಚ್ಚಾಗಿದೆ. ಬೀಗ ಹಾಕಿದರು ಎಂದರೆ ಯಾರೋ ಓದಿಯಾರೆಂಬ ಹೆದರಿಕೆ ಇತ್ತು ಎಂದಾಯಿತು. ನಮ್ಮ ಪಂಚಾಯಿತಿಯ ಆಡಿಟ್ ವರದಿಗೆ ಬೀಗವೂ ಇಲ್ಲ, ಹೆದರಿಕೆಯೂ ಇಲ್ಲ. ಆಕ್ಷೇಪಣೆಯ ಪ್ಯಾರಾಗಳು ವರ್ಷದಿಂದ ವರ್ಷಕ್ಕೆ ಮರಿ ಹಾಕುತ್ತ, ಅನುಪಾಲನಾ ವರದಿಯ ದಾರಿ ಕಾಯುತ್ತ ಬೀರುವಿನ ಮೇಲೆ ಸುಖವಾಗಿವೆ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ, ಅಂದರೆ ಊರವರೆದುರು ಲೆಕ್ಕದ ತಪಾಸಣೆ, ನಡೆಯಬೇಕು. ನಗದು ಪುಸ್ತಕ, ವೋಚರು, ಅಳತೆ ಪುಸ್ತಕ ಎಲ್ಲ ಅಂದು ಮೇಜಿನ ಮೇಲಿರುತ್ತವೆ. ಈ ಸಲ ಹೋಗಿ, ಸ್ವಾಮಿ. ಕೊಟ್ಟ ಚಹಾ ಕುಡಿಯಿರಿ, ಆಮೇಲೆ ಅದರ ವೋಚರನ್ನೂ ಕೇಳಿ.